ಒಲಿ ಹೊತ್ತದ ಮನಿ, ಒಣಗದ ಕಾಡು

ನಮ್ಮ ಮನಿಯಾಗ ಮೊದಲ ಬೂಷ್ಟು ಹತ್ತಿದ್ದು ನನ್ನ ಹೆಂಡತಿಯ ಮದುವಿ ಸೀರಿಗೆ. ಟ್ರಂಕು ತಗದು ಸೀರಿ ಬಿಚ್ಚಿದ್ಲು. ಸೆರಗಿನ ತುಂಬ ಬೆಳ್ಳಗ, ಮೆತ್ತಗ, ಈಗ ಹುಟ್ಟಿದ ಬೆಕ್ಕಿನ ಮರಿ ಮೈಯಂಗ ಏನೋ ಕುಂತಿತ್ತು. ಬೆರಳಿಂದ ಮುಟ್ಟಿ ನೋಡಿದ್ಲು, ಆಮ್ಯಾಲ ನನ್ನ ಮುಖ ನೋಡಿದ್ಲು. "ಇದೇನು ಮನಿ ಏನ್ರೀ, ಜ್ವಾಳದ ಹಗೇವ ಏನ್ರೀ?" ಅಂದ್ಲು. ಮರುದಿನದ ರೈಲಿಗೆ ಬೆಳಗಾವಿ, ಅಲ್ಲಿಂದ ಚಕ್ಕಡಿ ಹಿಡದು ತವರುಮನಿ ಸಾಂಬ್ರಾ. ಹೋಗೂಮುಂದ ಹೇಳಿದ್ದು ಒಂದ ಮಾತು: "ಮನಿ ಮನಿಯಂಗ ಆದ ಮ್ಯಾಲ ಕರಿಯಾಕ ಬರ್ರಿ."

ಬೆಳಗಾವಿಯಾಗ ಖಾದಿ ಮಂದಿಯ ಆ ದೊಡ್ಡ ಸಭಾ ಕೂಡಿದ ಮರುವರ್ಷದ ಮಳಿಗಾಲ ಅದು. ನಾ ನಾಟಕ ಕಂಪನಿಗೆ ಪರದೆ ಬರಿಯಾವ. ಕಂಪನಿ ಊರೂರು ತಿರಗತಿತ್ತು, ಅದರ ಹಿಂದ ನಾನೂ ತಿರಗತಿದ್ದೆ. ಮಲಗೂದು ಡೇರೆದಾಗ, ಹೆಂಡತಿ ಇರೂದು ತವರಾಗ. ಆ ವರ್ಷ ಮಾಲಕರು ನನ್ನ ಕರದು, "ಈ ಮಳಿಗಾಲದಾಗ ಕುಂತು ಹೊಸಾ ಸೆಟ್ಟು ಬರೀರಿ. ಅರಮನಿ, ಗುಡಿ, ಕಾಡು. ದಸರಾಕ್ಕ ಬೆಳಗಾವಿಯಾಗ ಆಟ ಚಾಲೂ. ಪರದೆ ಛಲೋ ಬಂದ್ವು ಅಂದ್ರ ಇನ್ನ ಮುಂದ ನೀವು ತಿರಗೂದ ಬ್ಯಾಡ, ಒಂದ ಕಡೆ ಮನಿ ಮಾಡ್ಕೊಂಡು ನಮಗ ಬರಕೋತ ಇರ್ರಿ" ಅಂದ್ರು. ನನಗ ಆ ಮೂರು ಪರದೆ ಅಂದ್ರ ಬರೇ ಅರಿವಿ ಬಣ್ಣ ಅಲ್ಲ, ಒಂದು ಮನಿ. ಅವು ಕೆಟ್ರ ಮತ್ತ ಡೇರೆ, ಮತ್ತ ಆಕಿ ಸಾಂಬ್ರಾದಾಗ, ನಾ ಎಲ್ಲೋ.

ಖಾನಾಪುರದಾಗ ಮನಿ ಹಿಡದು ಹೆಂಡತಿನ್ನ ಕರಕೊಂಡು ಬಂದದ್ದು ನನ್ನ ಹುಚ್ಚಿಗೆ. ಕಾಡು ಬರಿಯಾವ ಕಾಡಿನ ಬಾಜೂಕ ಇರಬೇಕು ಅಂತ ತಲಿಯಾಗ ಕುಂತಿತ್ತು. ಮನಿ ಒಂದ ಸೂರಿನ ಕೆಳಗ ಎರಡು ಪಾಲು, ನಡುವ ಒಂದು ಮಣ್ಣಿನ ಗ್ವಾಡಿ. ಗ್ವಾಡಿಯ ಆಚಿ ಕಡೆ ಮನಿ ಒಡತಿ, ಜೈನರಾಕಿ, ಗಂಡ ಇಲ್ಲ, ಐವತ್ತರ ಆಸುಪಾಸು ವಯಸ್ಸು. ಓಣಿಯವರೆಲ್ಲಾ ಆಯಿ ಅಂತಿದ್ರು, ನಾನೂ ಹಂಗ ಅಂದೆ. ಈಚಿ ಕಡೆ ನಂದು. ಮೊದಲ ಅದು ಭತ್ತ ತುಂಬೂ ಕೋಲಿ. ಒಂದು ಪರದೆ ನೆಲದ ಮ್ಯಾಲ ಚಾಚಿ ಹಾಸಬಹುದು, ಅಷ್ಟು ದೊಡ್ಡದು. ಮೂಲ್ಯಾಗ ಹಳೇ ಒಲಿ ಒಂದಿತ್ತು, ಆಕಿ ಹಚ್ಚಿದ್ದು ನಾಕ ದಿನ, ಆಮ್ಯಾಲ ಅದರಾಗ ಜ್ಯಾಡ ಬಲಿ ಕಟ್ಟಿತ್ತು. ನಾ ಅದರ ಕಡೆ ತಿರಗಿ ನೋಡಲಿಲ್ಲ. ಹೆಂಡತಿ ಹೋದಾಗಿಂದ ನನ್ನ ಊಟ ಸ್ಟೇಶನ್ ಹಾದಿಯ ಖಾನಾವಳಿಯಾಗ.

ಪರದೆ ಬರಿಯೂದು ಅಂದ್ರ ಬಣ್ಣ ಬಳಿಯೂದಲ್ಲ. ಮಾದರಪಾಟ ಅರಿವಿ ಪಟ್ಟಿ ಪಟ್ಟಿ ಕೂಡಿಸಿ ಹೊಲಿಸಿ, ನೆಲಕ್ಕ ಬಿಗಿಯಾಗಿ ಎಳದು, ಮೊದಲ ಅದಕ್ಕ ಅಂಟು ಕುಡಿಸಬೇಕು. ಇಲ್ಲಾಂದ್ರ ಬಣ್ಣ ಎಲ್ಲಾ ಅರಿವಿಯಾಗ ಇಂಗಿ ಹೋಗಿ ರಾಜನ ಅರಮನಿ ಬಡವನ ಅಂಗಿಯಂಗ ಕಾಣತೈತಿ. ನಾವು ಹಾಕತಿದ್ದದ್ದು ಸರೇಸು, ತೊಗಲು ಎಲುವು ಕುದಿಸಿ ತಗಿಯೂ ಅಂಟು. ಹಿತ್ತಲದಾಗ ಮೂರು ಕಲ್ಲಿಟ್ಟು ಕುದಿಸಾಕ ಹತ್ತಿದ್ದೆ. ವಾಸನಿಗೆ ಆಯಿ ಹೊರಗ ಬಂದ್ಲು.

"ತಮ್ಮಾ, ಅದ್ಯಾತರದು?"

"ಅಂಟು ಆಯೀ. ತೊಗಲಿಂದು."

ಆಕಿ ಬೈಲಿಲ್ಲ. ಸೆರಗು ಮೂಗಿಗೆ ಹಿಡದು ನಿಂತ್ಲು. ಆಕಿ ನಿಂತ ರೀತಿಗೆ ನಾ ಗಡಿಗಿ ಹೊತ್ಗೊಂಡು ಹೋಗಿ ದೂರ ಚೆಲ್ಲಿ ಬಂದೆ. ನನಗೂ ಸಿಟ್ಟು ಬಂದಿತ್ತು ಖರೇ. ಆದ್ರ ಚಾತುರ್ಮಾಸ ಹಿಡದ ಮನ್ಯಾಗ ಸತ್ತ ದನದ ತೊಗಲು ಕುದಿಸಿದವ ನಾನು, ಯಾರ ಮ್ಯಾಲ ಸಿಟ್ಟು ತೀರಸಲಿ?

ಊರ ಹೊರಗ ಕಂಬಳಿ ನೇಯುವ ಹಿರಿಯನೊಬ್ಬ ಇದ್ದ. ಅವ ಹಾದಿ ತೋರಿಸಿದ. ಹುಣಸಿ ಬೀಜ ಹುರದು, ಸಿಪ್ಪಿ ಬಡದು, ನೆನಸಿ, ಅರದು, ಕುದಿಸಿದ್ರ ಗಂಜಿಯಂಥಾ ಅಂಟಿನ ಸರಿ ಆಗತೈತಿ. ಕಂಬಳಿಗೆ ಹಚ್ಚೂದು ಅದನ್ನ. "ಹಚ್ಚಿ ಬಿಸಲಿಗೆ ಹಾಕು, ಹಲಗಿಯಾಗತೈತಿ" ಅಂದ. ಅವನ ಮನಿ ಮುಂದ ಕುದಿಸ್ಕೊಂಡು ತಂದು ಹಚ್ಚಿದೆ. ಆಷಾಢದ ಖಾನಾಪುರದಾಗ ಬಿಸಲು ಎಲ್ಲಿಂದ ತರಬೇಕು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ದಿನಗಳು ಈಗ ನೆನಸಿದ್ರ ನಿದ್ದಿಯಾಗ ನಡದಂಗ ಅನಸತಾವ. ಹೊರಗ ಮಳಿ ಒಂದ ಸಮನ ಹಂಚಿನ ಮ್ಯಾಲ. ಬಾಗಲಾ ತಗದ್ರ ಮಂಜು ಒಳಗ ಬಂದು ಮೊಳಕಾಲಮಟ ನಿಂದರತಿತ್ತು. ಮಧ್ಯಾಹ್ನಕ್ಕೂ ಮುಂಜಾನಿ ಬೆಳಕ. ಹತ್ತರದ ಹಲಸಿ ಊರಿಗೆ ಹೋಗಿ ಹಳೇ ಗುಡಿ ನೋಡಿ ಬಂದು ಗುಡಿ ಪರದೆ ಬರದೆ, ಅದಕ್ಕೂ ಮೊದಲ ಅರಮನಿ ಮುಗಿಸಿದ್ದೆ. ಎರಡನ್ನೂ ಬೊಂಬಿಗೆ ಸುತ್ತಿ ಗ್ವಾಡಿಗೆ ಆನಿಸಿ ಇಟ್ಟು ಕಾಡು ಹಿಡದೆ. ಕುಂಚಕ್ಕ ಉದ್ದನ ಕೋಲು ಕಟ್ಟಿ, ಬರಿಗಾಲಿಲೆ ಅರಿವಿ ಮ್ಯಾಲ ಅಡ್ಡಾಡಿಕೋತ ಗಿಡ ಬರೀತಿದ್ದೆ. ನಿಂತ ಜಾಗಾದಾಗ ಒಂದು ಬೊಡ್ಡಿ, ಹೆಜ್ಜಿ ಇಟ್ಟಲ್ಲಿ ಒಂದು ಬಳ್ಳಿ. ಕಿಡಕಿಯಾಗ ನೋಡಿದ್ರ ದೂರದಾಗ ಖರೇ ಕಾಡು, ಮಂಜಿನಾಗ ಬಣ್ಣ ಕಳಕೊಂಡು ನಿಂತಿರತಿತ್ತು. ಯಾವುದು ನಾ ಬರದದ್ದು ಯಾವುದು ಮೊದಲ ಇದ್ದದ್ದು ಅಂತ ಒಮ್ಮೊಮ್ಮೆ ಗೊಂದಲ ಆಗತಿತ್ತು. ಸಂಜಿ ಮುಂದ ಕುಂಚ ತೊಳಿಯೂದೂ ಮರತು ಆ ಕಾಡಿನ ನಡುವ ಕುಂತು ಬಿಡತಿದ್ದೆ, ಆಕಿನೂ ಇಲ್ಲೇ ಎಲ್ಲೋ ಗಿಡದ ಮರೀಗೆ ಕುಂತಾಳ ಅಂತ ಅಂದ್ಕೊಂಡು.

ಒಂದಿನ ಅರಮನಿ ಬಿಚ್ಚಿದೆ. ಕಂಬದ ಮ್ಯಾಲ, ಸಿಂಹಾಸನದ ಮ್ಯಾಲ, ಎಲ್ಲಾ ಕಡೆ ಬೂಷ್ಟು. ಗುಡಿ ಬಿಚ್ಚಿದೆ, ಅದರ ಗೋಪುರದ ತುಂಬ ಹಸರ ಚುಕ್ಕಿ. ಹುಣಸಿ ಬೀಜದ ಸರಿ ನನಗ ಅಂಟು, ಬೂಷ್ಟಿಗೆ ಹಬ್ಬದ ಊಟ. ಗ್ವಾಡಿ ಮುಟ್ಟಿದ್ರ ಕೈಗೆ ನೀರು ಹತ್ತತಿತ್ತು.

ಅಂಗಡಿಗೆ ಓಡಿ ಮೈಲುತುತ್ತ ತಂದೆ. ನೀಲಿ ನೀರು ಮಾಡಿ ಬಟ್ಟಿ ಅದ್ದಿ ಒರಸಾಕ ಕುಂತೆ. ಆಯಿ ಬಾಗಲದಾಗ ಬಂದು ನಿಂತ್ಲು.

"ಅದನ್ನ ಯಾಕ ಹಚ್ಚತಿ?"

"ಬೂಷ್ಟು ಸಾಯಲಿ ಅಂತ."

"ನಿನ್ನ ಬಾಯಿಂದನ ಬಂತು ನೋಡು, ಸಾಯಲಿ ಅಂತ. ಸಾಯತೈತಿ ಅಂದ ಮ್ಯಾಲ ಜೀವ ಐತಿ ಅಂತಾತು. ಇದು ಚಾತುರ್ಮಾಸ ತಮ್ಮಾ. ನಾ ಹಸರ ಹುಲ್ಲಿನ ಮ್ಯಾಲ ಕಾಲಿಡಾಂಗಿಲ್ಲ, ನೀ ನನ್ನ ಸೂರಿನ ಕೆಳಗ ಲಕ್ಷ ಜೀವ ಒರಸಿ ಒಗಿತಿ?"

"ಮತ್ತ ನಾ ಸಾಯಲೇನ ಆಯೀ?"

ಆಕಿಗೆ ನಗಿ ಬಂತೋ ಏನೋ, ತಡಕೊಂಡ್ಲು. "ಹುಟ್ಟದಂಗ ನೋಡ್ಕೋ. ಹುಟ್ಟಿದ್ದನ್ನ ಕೊಲ್ಲಬ್ಯಾಡ. ಕೊಲ್ಲಾಂವ ಇದ್ರ ಬ್ಯಾರೆ ಮನಿ ನೋಡು." ಇಷ್ಟು ಹೇಳಿ ಒಳಗ ಹೋದ್ಲು.

ಆ ಮಳಿಯಾಗ ಬ್ಯಾರೆ ಮನಿ ಎಲ್ಲಿ? ಹುಟ್ಟದಂಗ ನೋಡಾಕ ಕುಂತೆ. ಸೂರು ಹತ್ತಿ ಒಡದ ಹಂಚು ತಗದು ಹೊಸಾವು ಹಾಕಿದೆ. ಗ್ವಾಡಿ ಬುಡದ ನೀರು ದೂರ ಹೋಗಲಿ ಅಂತ ಹಿತ್ತಲದಾಗ ಕಾಲವಿ ತೋಡಿದೆ. ಪರದೆ ನೆಲದ ಮ್ಯಾಲ ಇರಬಾರದು ಅಂತ ಬೊಂಬು ಕಟ್ಟಿ ಮ್ಯಾಲ ಏರಿಸಿದೆ. ಇದ್ದಿಲಿ ಚೀಲ ತಂದು ಮೂಲಿ ಮೂಲಿಗೆ ಇಟ್ಟೆ, ಹಸಿ ಹೀರಲಿ ಅಂತ. ಇದ್ದಿಲಿನೂ ತೊಯ್ದು ತಣ್ಣಗ ಕುಂತ್ವು. ಗಾಳಿ ಆಡಲಿ ಅಂತ ಬಾಗಲಾ ಕಿಡಕಿ ತಗದಿಟ್ಟೆ, ಅದು ಎಲ್ಲಾಕ್ಕಿಂತ ದೊಡ್ಡ ಹುಚ್ಚು. ಹೊರಗಿನ ಮಂಜೆಲ್ಲಾ ಒಳಗ ಬಂದು ಅರಿವಿ ಮ್ಯಾಲ ಮಲಗಿತು. ಮುಂಜಾನಿ ನೋಡಿದ್ರ ಕಾಡಿನ ಪರದೆಯ ಕೆಳಗಿನ ಅಂಚಿಗೂ ಬೂಷ್ಟು ಬಂದಿತ್ತು.

ಅದ ವಾರ ಮಾಲಕರು ರೈಲು ಹಿಡದು ನೋಡಾಕ ಬಂದ್ರು. ಕ್ವಾಟು ಟೊಪಿಗಿ ಹಾಕ್ಕೊಂಡು ನಡುಮನ್ಯಾಗ ನಿಂತು, ಮೂಗು ಏರಿಸಿ ವಾಸನಿ ಹಿಡದ್ರು. ಕಾಡಿನ ಮುಂದ ಹೋಗಿ ಟೊಪಿಗಿ ತಗದ್ರು. ಆಮ್ಯಾಲ ಅಂದ್ರು, "ಬರವಣಿಗಿ ಏನೋ ಭಾಳ ಛಂದ ಆಗೈತ್ರಿ. ಆದ್ರ ಮುಗ್ಗಲ ವಾಸನಿ ಹೊಡಿಯೂ ಪರದೆ ಏರಿಸಿದ್ರ ಮುಂದ ಕುಂತ ಸಾಹುಕಾರರು ಎದ್ದು ಹೋಗತಾರ. ದಸರಾಕ್ಕ ಒಣಾ ಪರದೆ ಕೊಡ್ರಿ. ಆಗಲಿಲ್ಲಾಂದ್ರ ಪುಣೆಯಿಂದ ತರಸತೀನಿ, ನೀವು ಮೊದಲಿನಂಗ ನಮ್ಮ ಜೋಡಿ ತಿರಗ್ರಿ." ಸಿಟ್ಟಿಲೆ ಅನ್ನಲಿಲ್ಲ, ಅದಕ್ಕ ಇನ್ನಷ್ಟು ಚುಚ್ಚಿತು.

ಅವರನ್ನ ಸ್ಟೇಶನ್ನಿಗೆ ಬಿಟ್ಟು ತೊಯ್ಸಿಕೊಂಡು ಬಂದೆ. ಆಯಿ ನನ್ನ ಅವತಾರ ನೋಡಿ, "ಒಳಗ ಬಾ, ಬಿಸೇದು ಒಂದಿಷ್ಟು ಕುಡಿ" ಅಂತ ತನ್ನ ಕಡೆ ಕರದ್ಲು. ಅಡಗಿ ಮನಿ ಗ್ವಾಡಿಗೆ ಬೆನ್ನು ಹಚ್ಚಿ ಕುಂತೆ. ಶುಂಠಿ ಕಷಾಯ ಕೊಟ್ಲು. ಅರ್ಧಾ ಕುಡದಿದ್ದೆ, ಬೆನ್ನು ಬೆಚ್ಚಗ ಆಗಿತ್ತು. ತಿರಗಿ ಗ್ವಾಡಿ ಮುಟ್ಟಿದೆ. ಒಣಾ ಮಣ್ಣು, ಕೈಗೆ ಧೂಳಿ ಹತ್ತಿತು. ಇದ ಸೂರು, ಇದ ಮಳಿ, ನಡುವಿನ ಗ್ವಾಡಿನೂ ಅದ. ಈ ಕಡೆ ಬೆಚ್ಚಗ, ಆ ಕಡೆ ನೀರು.

"ಆಯೀ, ನಿಮ್ಮ ಪಾಲಿನ್ಯಾಗ ಬೂಷ್ಟು ಯಾಕಿಲ್ಲ?"

"ಇಲ್ಲಿ ದಿನಾ ಒಲಿ ಹೊತ್ತತೈತಿ. ಒಲಿ ಹೊತ್ತದ ಮನ್ಯಾಗ ಬೂಷ್ಟ ಬಾಡಿಗಿಗೆ ಇರತೈತಿ" ಅಂದ್ಲು.

ಕಪ್ಪು ಕೆಳಗ ಇಟ್ಟು ಎದ್ದೆ. "ಹಂಗಾರ ಇವತ್ತ ನನ್ನ ಕಡೆ ಅಗ್ಗಿಷ್ಟಿಗಿ ಹಚ್ಚತೀನಿ. ನಾಕು ಮೂಲಿಗೆ ನಾಕು."

"ಆಗಂಗಿಲ್ಲ" ಅಂದ್ಲು. "ಮಳಿಗಾಲದಾಗ ಕಟ್ಟಿಗಿ ತುಂಬ ಹುಳ. ಬೆಂಕಿ ಹಚ್ಚಿದ್ರ ಎಷ್ಟ ನೋಡಿದ್ರೂ ಒಂದಿಲ್ಲೊಂದು ಜೀವ ಹೋಗೂದ. ಹೊಟ್ಟಿಗಂತ ಹಚ್ಚಿದ್ರ ಬ್ಯಾರೆ ದಾರಿಲ್ಲ, ಆ ಭಾರ ನಾನೂ ದಿನಾ ಹೊತ್ಗೊಂಡೀನಿ. ಅರಿವಿ ಒಣಗಲಿ ಅಂತ ಬೆಂಕಿ ಅಂದ್ರ ನಾ ಒಪ್ಪಾಂಗಿಲ್ಲ. ಅಡಗಿ ಮಾಡು, ಉಣ್ಣು. ಯಾರ ಬ್ಯಾಡಂದ್ರು?"

ಮಾಡಿದೆನಪ್ಪಾ. ಬಲಿ ತಗದು, ಒಲಿ ಸಾರಿಸಿ, ಅನ್ನಕ್ಕ ಇಟ್ಟೆ. ಹಸಿ ಕಟ್ಟಿಗಿ, ಹೊಗಿ ಹೊಗಿ ಹೊಗಿ. ಕಣ್ಣಾಗ ನೀರು, ಮೂಗಿನ್ಯಾಗ ನೀರು. ಮ್ಯಾಲ ಹಸಿ, ತಳಕ್ಕ ಕರಿ. ಚೆಲ್ಲಾಕ ಹೊಂಟ್ರ ಆಯಿ ಅಡ್ಡ ಬಂದ್ಲು. "ಉಣ್ಣದ ಅಡಗಿ ಅಡಗಿ ಅಲ್ಲ. ಚೆಲ್ಲಿದ್ರ ಆ ಬೆಂಕಿ ಅರಿವಿಗಂತ ಹಚ್ಚಿದಂಗ ಆತು." ಉಂಡೆ. ಹೊಟ್ಟಿ ಹಿಡಕೊಂಡು ಮಲಗಿದೆ. ಎದ್ದಾಗ ಕಾಡಿನ ಪರದೆ ಮಬ್ಬು ಬೆಳಕಿನ್ಯಾಗ ನನ್ನ ಮ್ಯಾಲ ತೂಗತಿತ್ತು. ಆಕಿ ಇಲ್ಲಂತ ಒಲಿ ಇಲ್ಲ, ಒಲಿ ಇಲ್ಲಂತ ಮನಿ ಹಸಿ, ಮನಿ ಹಸಿ ಅಂತ ಆಕಿ ಇಲ್ಲ. ಈ ಗಂಟು ಎಲ್ಲೆರೆ ಒಂದು ಕಡೆ ಬಿಚ್ಚಬೇಕಿತ್ತು. ಮನಿ ಮನಿಯಂಗ ಆಗೂತನಾ ಕಾದ್ರ ಅದು ಆಗೂದ ಇಲ್ಲ ಅಂತ ಅವತ್ತ ತಿಳೀತು. ಮುಂಜಾನಿ ರೈಲು ಹತ್ತಿದೆ.

ಬೆಳಗಾವಿ ದಾಟಿ ಸಾಂಬ್ರಾ ಹಾದಿ ಹಿಡದ್ರ ಬ್ಯಾರೆ ದೇಶಕ್ಕ ಬಂದಂಗ. ಮೋಡ ಹರದು ಬಿಸಲು ಬಿದ್ದಿತ್ತು, ಕರಿ ಹೊಲದಾಗ ಗಾಳಿ. ಹೆಂಡತಿ ಅಂಗಳದಾಗ ಜ್ವಾಳ ಹಸನ ಮಾಡಕೋತ ಕುಂತಿದ್ಲು. ನನ್ನ ನೋಡಿದ್ರೂ ಕೈಯಾಗಿನ ಮೊರ ಕೆಳಗ ಇಡಲಿಲ್ಲ.

"ಮನಿ ಮನಿಯಂಗ ಆತೇನ್ರಿ?"

"ಇಲ್ಲ."

"ಮತ್ತ ಯಾಕ ಬಂದ್ರಿ?"

ಹಾದಿ ತುಂಬ ಒಂದು ಮಾತು ಛಂದಗ ಕಟ್ಟಿಕೊಂಡು ಬಂದಿದ್ದೆ, ಆಕಿ ಮುಖ ನೋಡಿದ ಕೂಡಲೆ ಹಾರಿ ಹೋತು. "ಒಲಿ ಹೊತ್ತಿಸಾಕ ಬಾ" ಅಂದೆ. ಅನ್ನಬಾರದಿತ್ತು. ಆಕಿ ಹುಬ್ಬು ಮ್ಯಾಲ ಹೋತು.

"ಅಂದ್ರ ನಾ ಅಲ್ಲ, ನಿಮಗ ಬೇಕಾದದ್ದು ಹೊಗಿ."

ಎಲ್ಲಾ ಹೇಳಿದೆ. ಮಾಲಕರ ಮಾತು, ಆಯಿ ಮಾತು, ಕರಿ ಅನ್ನ ಉಂಡದ್ದು. ಕರಿ ಅನ್ನಕ್ಕ ಬಂದಾಗ ಆಕಿ ಸೆರಗು ಬಾಯಿಗೆ ಹಚ್ಚಿ ನಕ್ಕ್ಲು. ನಗಿ ನಿಂತ ಮ್ಯಾಲ ಸಾವಕಾಶ ಅಂದ್ಲು, "ಬರತೀನಿ. ಆದ್ರ ನಿಮ್ಮ ಪರದೆ ಒಣಗೂತನಾ ಅಷ್ಟ. ಒಣಗಿದ ಮ್ಯಾಲ ನನ್ನ ತಂದು ಇಲ್ಲೇ ಬಿಡಬೇಕು. ಡೇರೆದಾವನ ಮಾತಿಗೆ ನಾ ಎರಡು ಸಲ ಬೀಳಾಂಗಿಲ್ಲ." ಆಗಲಿ ಅಂದೆ. ಮಾವ ಎರಡು ಚೀಲ ಜ್ವಾಳದ ಹಿಟ್ಟು ಚಕ್ಕಡಿಗೆ ಹೇರಿಸಿದ್ರು.

ಬಂದ ಮರುದಿನನ ಆಯಿ ಆಕಿನ್ನ ಹಿತ್ತಲಕ್ಕ ಕರಕೊಂಡು ಹೋಗಿ ಕಟ್ಟಿಗಿ ಬಡಿಯೂದು ಕಲಿಸಿದ್ಲು. ಒಲಿಗೆ ಹಾಕೂ ಮೊದಲ ಒಂದೊಂದು ಕಟ್ಟಿಗಿನೂ ಕಲ್ಲಿಗೆ ಮೆಲ್ಲಕ ಬಡದು, ಸಂದ್ಯಾಗ ಹುಳ ಇದ್ರ ಇಳದು ಹೋಗಾಕ ಬಿಡಬೇಕು. ಆಮ್ಯಾಲ ಅರಿವಿಯಿಂದ ಒರಸಬೇಕು. ಹೊತ್ತು ಮುಳಗೂದರಾಗ ಒಲಿ ಆರಿಸಬೇಕು. ಮುಂಜಾನಿ ನಿದ್ದಿಯಾಗ ನನಗ ಆ ಸಪ್ಪಳ ಕೇಳತಿತ್ತು, ಟಕ್ ಟಕ್ ಅಂತ, ಕಾಡಿನ್ಯಾಗ ಯಾವುದೋ ಹಕ್ಕಿ ಗಿಡಾ ಕುಟಕಿದಂಗ. ಕಣ್ಣು ತಗದ್ರ ಮ್ಯಾಲ ಪರದೆ, ಅದರಾಚೆ ತೆಳ್ಳನ ಹೊಗಿ, ಹೊಗಿಯೊಳಗ ಆಕಿ.

ಇಬ್ಬರ ಅಡಗಿಗೆ ಒಲಿ ಎಷ್ಟೊತ್ತು ಉರಿಯಬೇಕು? ಗ್ವಾಡಿ ಬೆಚ್ಚಗಾಗೂದರಾಗ ಊಟ ಮುಗೀತಿತ್ತು. ಹೆಚ್ಚಿಗಿ ಮಾಡಿದ್ರ ಉಣ್ಣಾವರ್ಯಾರು, ಆಯಿ ಬಿಡಬೇಕಲ್ಲ. ಹಾದಿ ಹುಡಿಕಿದಾಕಿ ನನ್ನ ಹೆಂಡತಿ. ಸ್ಟೇಶನ್ನಿನ್ಯಾಗ ಹಳಿ ಕೆಲಸಕ್ಕ ಬಂದ ಗ್ಯಾಂಗಿನ ಮಂದಿ ಬಯಲಸೀಮಿಯವರು. ಖಾನಾಪುರದ ಅನ್ನ ಉಂಡು ಉಂಡು ಅವರ ನಾಲಿಗಿ ಸತ್ತಿತ್ತು. "ಜ್ವಾಳದ ರೊಟ್ಟಿ ಮಾಡಿ ಕೊಡತೀನಿ ಅಂತ ಹೇಳಿ ಬರ್ರಿ" ಅಂದ್ಲು. ಹೇಳಿದ್ದ ತಡ, ನಮ್ಮ ಬಾಗಲಕ್ಕ ಮಂದಿ. ಮುಂಜಾನಿಯಿಂದ ಹೊತ್ತು ಇಳಿಯೂಮಟ ರೊಟ್ಟಿ ಹಂಚು ಒಲಿಯಿಂದ ಕೆಳಗ ಇಳೀಲಿಲ್ಲ. ರೊಟ್ಟಿ ಬಡಿಯೂ ಸಪ್ಪಳ, ಹೊರಗ ಮಳಿ ಸಪ್ಪಳ, ಎರಡರ ನಡುವ ನನ್ನ ಕುಂಚ.

ಆಯಿ ಬಂದು ಒಂದು ಸಲ ನೋಡಿದ್ಲು. ಒಂದು ರೊಟ್ಟಿನೂ ಉಳೀದಂಗ ಮಂದಿ ಒಯ್ಯೂದನ್ನ ನೋಡಿದ್ಲು. "ಇದು ಉಣ್ಣೂ ಬೆಂಕಿನ" ಅಂತ ಒಪ್ಪಿ ಹೋದ್ಲು. ಪರದೆ ಒಣಗಿದ್ದು ಬೆಂಕಿ ತಾನಾಗಿ ಕೊಟ್ಟದ್ದು, ಅದಕ್ಕ ಯಾರ ತಕರಾರೂ ಇರಲಿಲ್ಲ.

ನಾ ಪರದೆ ಸೂರಿನ ಹತ್ತರ ಏರಿಸಿ, ದಿನಾ ಒಂದೊಂದು ಮಗ್ಗಲು ಒಲಿ ಕಡೆ ತಿರಗಸತಿದ್ದೆ. ಭಾಳ ಸನೇಕ ಆದ್ರ ಬಣ್ಣ ಪುಡಿ ಆಗತೈತಿ, ದೂರ ಆದ್ರ ಹಸಿ ಹೋಗೂದಿಲ್ಲ. ಮೊದಲ ಗ್ವಾಡಿ ಬೆವರೂದು ನಿಂತಿತು. ಆಮ್ಯಾಲ ಅರಿವಿ ಮುಟ್ಟಿದ್ರ ತಣ್ಣಗ ಹತ್ತೂದು ನಿಂತಿತು. ಆಮ್ಯಾಲ ಬೂಷ್ಟು ತಾನಾಗಿ ಬಾಡಿ ಪುಡಿ ಆತು. ಅವತ್ತ ಆಯಿ ತನ್ನ ಕಡೆಯಿಂದ ನವಲಗರಿ ಕಟ್ಟು ತಂದ್ಲು. ನನ್ನ ಕೈಗೆ ಕೊಡಲಿಲ್ಲ. ತಾನ ಪರದೆ ಮುಂದ ನಿಂತು, ಮಕ್ಕಳ ಮೈ ಒರಸಿದಂಗ, ಗರಿಯಿಂದ ಆ ಪುಡಿ ಎಲಿ ಮ್ಯಾಲ ಇಳಿಸಿ, ಹಿತ್ತಲದ ನೆರಳಿಗೆ ಹಸಿ ಜಾಗಾದಾಗ ಇಟ್ಟು ಬಂದ್ಲು. ಕಾಡಿನ ಬುಡದಾಗ ಬೂಷ್ಟು ಹೋದ ಜಾಗಾ ಬೆಳ್ಳನ ಕಲಿ ಉಳಿದಿತ್ತು, ಗಿಡದ ನಡುವ ಮಂಜು ನಿಂತಂಗ. ಅದರ ಮ್ಯಾಲ ನಾ ಬಣ್ಣ ಹಚ್ಚಲಿಲ್ಲ.

ಖರೇ ಹೇಳಬೇಕಂದ್ರ, ಪರದೆ ಒಣಗಿದಂಗ ನನ್ನ ಜೀವ ಹಸಿ ಆಗಾಕ ಹತ್ತಿತ್ತು. ದಿನಾ ಎದ್ದು ಅರಿವಿ ಮುಟ್ಟಿ ನೋಡತಿದ್ದೆ. ಇನ್ನೊಂದಿಷ್ಟು ಹಸಿ ಇದ್ರ ಒಳಗೊಳಗ ಖುಷಿ. ಮೊದಲ ಒಣಗಲಿ ಒಣಗಲಿ ಅಂತ ಕುಂತಾವ, ಈಗ ಮೋಡ ಕಂಡ್ರ ಹಿಗ್ಗತಿದ್ದೆ. ಆಕಿ ಮಾತ್ರ ತನ್ನ ಪಾಡಿಗೆ ಕಟ್ಟಿಗಿ ಬಡಿತಿದ್ಲು, ರೊಟ್ಟಿ ಬಡಿತಿದ್ಲು.

ದಸರಾಕ್ಕ ಪರದೆ ಬೆಳಗಾವಿ ಮುಟ್ಟಿದ್ವು. ಆಕಿನ್ನೂ ಕರಕೊಂಡು ಹೋಗಿ ಹೆಂಗಸರ ಕಡೆ ಕುಂದರಿಸಿ, ನಾ ಬಾಜೂಕ ಗ್ಯಾಸಬತ್ತಿ ಹತ್ತರ ನಿಂತೆ. ಅರಮನಿ ಆತು, ಗುಡಿ ಆತು. ಆಮ್ಯಾಲ ಕಾಡು ಇಳೀತು. ಮಂಜಿನ ಕಾಡು, ಬತ್ತಿ ಬೆಳಕಿಗೆ ಉಸರಾಡಿದಂಗ ಒಂದಿಷ್ಟು ತೂಗಾಡಿತು. ಬೀಸಿದ ಗಾಳಿಗೆ ಪರದೆ ವಾಸನಿ ಮುಂದಿನ ಸಾಲಿಗೆ ಹೋತು. ಅಲ್ಲಿ ಕುಂತಿದ್ದ ದೊಡ್ಡ ಮುಂಡಾಸದ ಸಾಹುಕಾರ ಒಬ್ಬ ಮೂಗು ಏರಿಸಿ ಬಾಜೂದವಗ ಅಂದ, "ಕಾಡಿನ್ಯಾಗ ಯಾರೋ ರೊಟ್ಟಿ ಮಾಡಾಕತ್ತಾರಲ್ಲೋ, ಹೊಟ್ಟಿ ಹಸೀತು!" ಸುತ್ತಲಿನವರು ನಕ್ಕರು. ಹೆಂಗಸರ ಕಡೆಯಿಂದನೂ ಒಂದು ನಗಿ ಕೇಳಿತು. ಯಾರ ನಗಿ ಅಂತ ನನಗ ಗೊತ್ತಿತ್ತು. ಆಟ ಮುಗದ ಮ್ಯಾಲ ಮಾಲಕರು ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಇನ್ನ ಮನಿ ಮಾಡ್ರಿ" ಅಂದ್ರು.

ಆಕಿ ಟ್ರಂಕು ಖಾನಾಪುರದಾಗ ಉಳಿದಿತ್ತು. ತರಾಕಂತ ಇಬ್ಬರೂ ಹೋದ್ವಿ. ಮಾಲಕರ ಮಾತು ನಾ ಹೇಳಿದ್ದೆ, ಆಕಿ "ಹೂಂ" ಅಂದಿದ್ಲು, ಅಷ್ಟ. ಕೊಟ್ಟ ಮಾತಿನಂಗ ಆಕಿನ್ನ ಸಾಂಬ್ರಾಕ್ಕ ಬಿಡಾಕ ಸ್ಟೇಶನ್ ತನಕ ಚಕ್ಕಡಿ ಹೇಳಿ ಇಟ್ಟಿದ್ದೆ. ಮಳಿ ಹೋಗಿ ಸುಮಾರು ದಿನ ಆಗಿತ್ತು. ಕಿಡಕಿಯಾಗ ಬಿಸಲು ಬಿದ್ದು ಖಾಲಿ ಕೋಲಿ ಎಲ್ಲಾ ಬಂಗಾರದ ಬಣ್ಣ. ನೆಲ ಒಣಗಿ ಬಿರಕು ಬಿಟ್ಟಿತ್ತು, ಗ್ವಾಡಿ ಮುಟ್ಟಿದಲ್ಲಿ ಮಣ್ಣು ಉದರತಿತ್ತು. ನಾ ಟ್ರಂಕು ಎತ್ತಿದೆ.

ಆಕಿ ಒಲಿ ಹತ್ತರ ನಿಂತಿದ್ಲು. ಅಂಗೈ ಚಾಚಿ ಗ್ವಾಡಿ ಮ್ಯಾಲ ಇಟ್ಲು, ಭಾಳೊತ್ತು ಇಟ್ಲು. ನನ್ನ ಕಡೆ ನೋಡದ ಅಂದ್ಲು, "ಇನ್ನೂ ಹಸಿ ಐತ್ರಿ."

ನಾನೂ ಹೋಗಿ ಬಾಜೂಕ ಕೈ ಇಟ್ಟೆ. ಒಣಾ ಮಣ್ಣು ಬೆರಳಿಗೆ ಹತ್ತಿತು.

"ಹೌದು, ಐತಿ" ಅಂದೆ.

ಟ್ರಂಕು ಕೆಳಗ ಇಟ್ಟು ಚಕ್ಕಡಿಯವಗ ಹೋಗು ಅಂತ ಹೇಳಾಕ ಹೊರಗ ಬಂದೆ. ಹಿಂದ ಹಿತ್ತಲದಾಗ ಆಕಿ ಆಗಲೇ ಕಟ್ಟಿಗಿ ಬಡಿಯಾಕ ಹತ್ತಿದ್ಲು.